ನೆಟ್ಟಿ ವಿಸ್ಸಿಂಕಳ ಹಂದಿಮರಿಗಳೂ ಚರ್ಚಿನ ಕಿಟಕಿಗಳೂ

ವೆಸ್ಟ್ ಡೊಕ್ಕಮ್‌ಗೆ ಹೊಸದಾಗಿ ಬಂದವರು ನೆಟ್ಟಿ ವಿಸ್ಸಿಂಕಳ ಮನೆ ಎಲ್ಲಿ ಅಂತ ಕೇಳಿದರೆ ಊರವರು ಯಾರೂ ಕೈ ತೋರಿಸುತ್ತಿರಲಿಲ್ಲ. "ಮೂಗು ತಂದಿದೀರಲ್ಲ? ಅದು ಹೇಳಿದ ಕಡೆ ಹೋಗಿ" ಅನ್ನುತ್ತಿದ್ದರು. "ನೆಟ್ಟಿ ಅತ್ತಿದ್ದನ್ನ ಯಾರೂ ಕಂಡಿಲ್ಲ, ಅವಳ ಕೊಟ್ಟಿಗೆಗೆ ಹೋಗಿ ಅಳದೆ ಬಂದವರನ್ನೂ ಯಾರೂ ಕಂಡಿಲ್ಲ" ಅಂತ ಇನ್ನೊಂದು ಮಾತು. ಇವೆಲ್ಲ ಅವಳ ಬೆನ್ನ ಹಿಂದೆ ಆಡುವ ಮಾತುಗಳೇನಲ್ಲ. ಅವಳ ಎದುರಿಗೇ ಆಡುತ್ತಿದ್ದರು, ಅವಳೂ ನಗುತ್ತಿದ್ದಳು. ಅಮೆರಿಕದ ಅಯೋವಾ ರಾಜ್ಯದಲ್ಲಿ ನಮ್ಮ ಡಚ್ಚರು ನೆಲೆಸಿದ ಈ ಮೂಲೆಯಲ್ಲಿ ಹಂದಿ ಸಾಕದ ಮನೆಯೇ ಇಲ್ಲ. ಯಾರ ಮನೆಯ ನಾತ ಯಾರಿಗೆ ಹೊಸದು?

ಆದರೆ ವಿಸ್ಸಿಂಕರ ಕೊಟ್ಟಿಗೆ ಇದ್ದ ಜಾಗ ಬೇರೆ. ರಸ್ತೆಯ ಈಚೆ ಅವರ ಮನೆ, ಆಚೆ ನಮ್ಮ ಚರ್ಚು, ಚರ್ಚಿನ ತೆಂಕಣ ಮಗ್ಗುಲಿಗೇ ಅವರ ಮರಿಗಳ ಕೊಟ್ಟಿಗೆ. ಹಿಂದೆ ನೆಟ್ಟಿಯ ಗಂಡ ಹಾರ್ಮ್‌ನ ಅಜ್ಜ ಆ ನೆಲವನ್ನೆಲ್ಲ ಚರ್ಚಿಗೆ ಬಿಟ್ಟುಕೊಟ್ಟಿದ್ದ. ಆಮೇಲೆ ಅವನ ಮಗ ಅದೇ ನೆಲದ ಒಂದು ಮೂಲೆಯನ್ನು ಗೇಣಿಗೆ ಪಡೆದು ಕೊಟ್ಟಿಗೆ ಕಟ್ಟಿಕೊಂಡ. ಕೊಟ್ಟ ನೆಲವನ್ನೇ ಮತ್ತೆ ಗೇಣಿಗೆ ಕೇಳಿದ ಬುದ್ಧಿವಂತರು ಅಂತ ಆ ಮನೆತನಕ್ಕೆ ಹೆಸರು. ಚಳಿಗಾಲದಲ್ಲಿ ಯಾರಿಗೂ ತೊಂದರೆಯಿಲ್ಲ. ಆಗಸ್ಟ್ ಬಂತೋ, ತೆಂಕಣ ಗಾಳಿ ಎದ್ದಿತೋ, ಚರ್ಚಿನ ಕಿಟಕಿಗಳನ್ನೆಲ್ಲ ಮುಚ್ಚಬೇಕು. ಮುಚ್ಚಿದರೆ ಒಳಗೆ ಬೇಯಬೇಕು. ತೆರೆದರೆ ಕಣ್ಣು ಉರಿಯಬೇಕು.

ನಮ್ಮಲ್ಲಿ ಪ್ರಸಂಗ, ಅಂದರೆ ಪಾದ್ರಿಗಳ ಉಪದೇಶ, ಶುರುವಾಗುವ ಹೊತ್ತಿಗೆ ಸಾಲಿನ ತುದಿಯಿಂದ ತುದಿಗೆ ಪೆಪ್ಪರ್‌ಮಿಂಟ್ ಹಂಚುವುದು ಅಜ್ಜಂದಿರ ಕಾಲದ ಪದ್ಧತಿ. ನಿದ್ದೆ ಬಾರದಿರಲಿ ಅಂತ ಶುರುವಾದದ್ದು. ನಮ್ಮ ಚರ್ಚಿನಲ್ಲಿ ಮಾತ್ರ ಅದು ನಾಲಿಗೆಗಲ್ಲ, ಮೂಗಿಗೆ ಅಂತ ಪಕ್ಕದೂರಿನವರು ಗೇಲಿ ಮಾಡುತ್ತಿದ್ದರು.

ಆ ವರ್ಷದ ಆಗಸ್ಟಿನಲ್ಲಿ ಒಂದು ಭಾನುವಾರ ಸೆಕೆ ತಡೆಯಲಾರದೆ ಕಿಟಕಿಗಳನ್ನು ತೆರೆದಿದ್ದರು. ದೊಮಿನಿ, ಅಂದರೆ ನಮ್ಮ ಪಾದ್ರಿಗಳು, ನೋಹನ ಕಥೆ ಹೇಳುತ್ತಿದ್ದರು. ಜಲಪ್ರಳಯ ಇಳಿದಿದೆ, ನೋಹ ಬಲಿಪೀಠ ಕಟ್ಟಿದ್ದಾನೆ, ಹೊಗೆ ಮೇಲೆದ್ದಿದೆ. ದೊಮಿನಿ ಎರಡೂ ಕೈ ಎತ್ತಿ, "ಆಗ ದೇವರು ಆ ಸುವಾಸನೆಯನ್ನು ಮೂಸಿದನು" ಅಂದರು. ಸರಿಯಾಗಿ ಅದೇ ಗಳಿಗೆಗೆ ತೆಂಕಣ ಗಾಳಿ ಬೀಸಿತು. ದೊಮಿನಿಗೆ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಷ್ಟೇ ಸಾಕಾಯಿತು, ಇಡೀ ಚರ್ಚು ಹೊಟ್ಟೆ ಹಿಡಿದುಕೊಂಡಿತು. ನಗದೆ ಉಳಿದವರು ಇಬ್ಬರು. ಒಬ್ಬರು ಸಭೆಯ ಹಿರಿಯ ವೆಸ್ಸೆಲ್ ಕ್ರೂಸ್. ಇನ್ನೊಬ್ಬಳು ನೆಟ್ಟಿ.

ಮಾರನೆಯ ದಿನವೇ ವೆಸ್ಸೆಲ್ ವಿಸ್ಸಿಂಕರ ಅಡಿಗೆಮನೆಗೆ ಬಂದು ಕೂತರು. ಕಾಫಿ ಕೊಟ್ಟರೆ ಕುಡಿದರು. ಬಾದಾಮಿ ರೊಟ್ಟಿ ಕೊಟ್ಟರೆ ತಿಂದರು. ಆಮೇಲೆ ಬಾಯಿ ಒರೆಸಿಕೊಂಡು ಹೇಳಿದರು:

"ನೋಡು ಹಾರ್ಮ್, ನಿನ್ನ ಅಜ್ಜನ ಮೇಲೆ ನಮಗೆ ಗೌರವ ಇದೆ. ಆದ್ರೆ ಸಭೆಯ ಹಿರಿಯರೆಲ್ಲ ಸೇರಿ ಮಾತಾಡಿದೀವಿ. ಬರೋ ವರ್ಷ ಕುಯ್ಲು ಆದ್ಮೇಲೆ ಗೇಣಿ ಮುಗೀತದೆ. ಬರೋ ಆಗಸ್ಟಲ್ಲೂ ಕಿಟಕಿ ತೆಗೆಯೋಕೆ ಆಗದಿದ್ರೆ, ಗೇಣಿ ಮುಂದುವರಿಸಲ್ಲ."

ಹಾರ್ಮ್ ಕೆಂಪಗಾದ. "ಹಂದಿ ಹಂದಿ ಥರಾನೇ ನಾರ್ತವೆ ವೆಸ್ಸೆಲ್! ಲಿಲ್ಲಿ ಹೂವಿನ ಥರ ನಾರು ಅಂತ ಹೇಳೋಕಾಗುತ್ತಾ?"

"ನನ್ನ ದನ ಹೀಗೆ ನಾರಲ್ಲಪ್ಪ."

"ನಿನಗೆ ಅಭ್ಯಾಸ ಆಗಿದೆ ಅಷ್ಟೇ" ಅಂದಳು ನೆಟ್ಟಿ.

ವೆಸ್ಸೆಲ್ ಎದ್ದು ಟೋಪಿ ಹಾಕಿಕೊಂಡು ಹೋದರು. ಆ ಕೊಟ್ಟಿಗೆ ಹೋದರೆ ನೆಟ್ಟಿಗೆ ಏನು ಹೋಗುತ್ತದೆ ಅನ್ನುವುದು ಊರಿಗೆಲ್ಲ ಗೊತ್ತಿತ್ತು. ದೊಡ್ಡ ಹಂದಿಗಳು, ಹೊಲ, ಯಂತ್ರ, ಇವೆಲ್ಲ ಹಾರ್ಮ್‌ನ ಕಾರುಬಾರು. ಮೊಲೆ ಬಿಡಿಸಿದ ಮರಿಗಳು ಮಾತ್ರ ನೆಟ್ಟಿಯವು. ತಾಯಿಯನ್ನು ಬಿಟ್ಟು ಬಂದ ಮರಿ ನಾಲ್ಕು ದಿನ ದಿಕ್ಕೆಟ್ಟು ನಡುಗುತ್ತದೆ. ಅದರ ಮೈ ಉಜ್ಜಿ, ಒಣ ಹುಲ್ಲಿಗೆ ಹಾಕಿ, ತೊಟ್ಟಿಯ ಮುಂದೆ ನಿಲ್ಲಿಸಿ ಉಣ್ಣೋದು ಕಲಿಸುತ್ತಿದ್ದವಳು ಅವಳು. ಅವಳಿಗೆ ಮಕ್ಕಳಾಗಲಿಲ್ಲ. ಅದನ್ನು ಇದಕ್ಕೆ ಗಂಟು ಹಾಕಿ ಯಾರಾದರೂ ಮರುಕ ತೋರಿಸಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. "ನನಗೆ ಇದು ಬರುತ್ತೆ, ಅದಕ್ಕೆ ಮಾಡ್ತೀನಿ" ಅನ್ನುತ್ತಿದ್ದಳು. ಬೇರೆ ಕಡೆ ಕೊಟ್ಟಿಗೆ ಕಟ್ಟುವ ಶಕ್ತಿ ಅವರಿಗಿರಲಿಲ್ಲ. ಆ ಮೂಲೆ ಹೋದರೆ ಮರಿಗಳೂ ಹೋದಂತೆಯೇ.

ನೆಟ್ಟಿ ಮರಿಗಳಿಗೆ ಹಾಕುತ್ತಿದ್ದುದು ಮೆಕ್ಕೆಜೋಳದ ನುಚ್ಚು, ಸೋಯಾ ಹಿಂಡಿ. ಹಿಂಡಿಯಲ್ಲಿ ಕೈ ಬಿಗಿ ಹಿಡಿದವಳಲ್ಲ. "ವಿಸ್ಸಿಂಕ್ ಮನೆಯ ಮರಿ ಹಿಂಡಿಗೆ ಬಾಯಿ ಬಿಟ್ಟಿತು ಅನ್ನೋ ಮಾತು ಬರಬಾರದು" ಅಂತ ಅತ್ತೆ ಹೇಳಿಕೊಟ್ಟಿದ್ದಳು. ಹಿಂಡಿ ಹೆಚ್ಚಾದಷ್ಟು ಮರಿ ಬೇಗ ಬೆಳೆಯುತ್ತದೆ ಅನ್ನುವುದು ಊರಿನ ನಂಬಿಕೆ. ಮರಿಗಳು ಬೆಳೆಯುತ್ತಲೂ ಇದ್ದವು. ಜೊತೆಗೆ ಭೇದಿ ಮಾಡಿಕೊಳ್ಳುತ್ತಲೂ ಇದ್ದವು. ಮರಿ ಅಂದಮೇಲೆ ಭೇದಿ ಇದ್ದದ್ದೇ ಅಂತ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಕುಯ್ಲು ಮುಗಿದ ಮೇಲೆ ಅವಳು ಜಿಲ್ಲೆಯ ಕೃಷಿ ಸಲಹೆಗಾರ ಲೋವೆಲ್ ಟ್ವೇಟ್‌ಗೆ ಫೋನು ಮಾಡಿದಳು. ಟ್ವೇಟ್ ನಾರ್ವೆಯವರ ಪೈಕಿ, ಲೂಥರನ್, ಅಂದರೆ ಬೇರೆ ಪಂಗಡದ ಚರ್ಚಿನವನು. ಹಾರ್ಮ್‌ಗೆ ಅದೊಂದು ಅನುಮಾನ. "ಅವನು ನಮ್ಮ ಚರ್ಚು ಉಳಿಸ್ತಾನಾ?" ಅಂದ.

"ಚರ್ಚು ಬೇಡ, ಕೊಟ್ಟಿಗೆ ಉಳಿಸಿದ್ರೆ ಸಾಕು" ಅಂದಳು ನೆಟ್ಟಿ.

ಟ್ವೇಟ್ ಬಂದ, ಕೊಟ್ಟಿಗೆ ನೋಡಿದ, ಎಲ್ಲರಂತೆ ಕಣ್ಣೊರೆಸಿಕೊಂಡ. ಅಡಿಗೆಮನೆಯ ಮೇಜಿಗೆ ಕೂತು, "ಹಿಂಡಿ ಎಷ್ಟು ಹಾಕ್ತಿದೀರಿ?" ಅಂತ ಕೇಳಿದ. ನೆಟ್ಟಿ ಹೇಳಿದಳು. ಅವನು ಸಿಳ್ಳೆ ಹಾಕಿದ.

"ಜಾಸ್ತಿಯಾಯ್ತಾ?"

"ಹಿಂಡಿ ಜಾಸ್ತಿ ಆಯ್ತು. ಆದ್ರೂ ಒಂದು ಸಾಮಾನಿಗೋಸ್ಕರ ನೀವು ಅಷ್ಟು ಹಾಕಲೇಬೇಕಾಗಿದೆ. ಪ್ರೋಟೀನು ಅನ್ನೋದು ಒಂದೇ ವಸ್ತು ಅಲ್ಲಮ್ಮ. ಅಮೈನೋ ಆಮ್ಲ ಅಂತ ಬೇರೆ ಬೇರೆ ಥರದ ತುಂಡುಗಳು ಸೇರಿ ಆಗೋದು. ಮರಿ ಮೈಯಲ್ಲಿ ಮಾಂಸ ಕಟ್ಟಬೇಕಾದ್ರೆ ಇಂಥ ತುಂಡು ಇಷ್ಟು, ಅಂಥದ್ದು ಅಷ್ಟು ಅಂತ ಲೆಕ್ಕ ಇದೆ. ಜೋಳ, ಹಿಂಡಿಯಲ್ಲಿ ಲೈಸಿನ್ ಅನ್ನೋ ತುಂಡು ಮೊದಲು ಮುಗಿದುಹೋಗುತ್ತೆ. ಅದು ಮುಗೀತು ಅಂದ್ರೆ ಮಿಕ್ಕಿದ್ದೆಲ್ಲ ಇದ್ದೂ ಇಲ್ಲದ ಹಾಗೆ."

ನೆಟ್ಟಿಯ ಕಣ್ಣು ಪಕ್ಕದ ಕೋಣೆಗೆ ಹೋಗಿತ್ತು. ಅಲ್ಲಿ ಚೌಕಟ್ಟಿಗೆ ಬಿಗಿದ ಕೌದಿ ಇತ್ತು. ಚರ್ಚಿನ ಮಹಿಳಾ ಸಂಘದವರು ಪ್ರತಿ ಚಳಿಗಾಲ ಕೌದಿ ಹೊಲಿಯುತ್ತಾರೆ, ಆ ಸಲ ನಕ್ಷತ್ರದ ಕೌದಿ. ಕೆಂಪು, ಬಿಳಿ, ನೀಲಿ ತುಂಡುಗಳು. ನೀಲಿ ಬಟ್ಟೆ ತೀರಿಹೋಗಿ ಕೆಲಸ ವಾರದಿಂದ ನಿಂತಿತ್ತು.

"ನೀಲಿ ಇಲ್ಲದೆ ಕೂತಿದೀನಿ" ಅಂದಳು. "ಕೆಂಪು ಬೇಕಾದಷ್ಟಿದೆ. ನಕ್ಷತ್ರ ಆಗ್ತಿಲ್ಲ."

ಟ್ವೇಟ್ ತಿರುಗಿ ನೋಡಿ ಮೇಜು ಕುಟ್ಟಿದ. "ಅದೇ! ಮಿಕ್ಕ ಕೆಂಪು ಏನ್ಮಾಡ್ತೀರಿ?"

"ಪೆಟ್ಟಿಗೇಲಿ ಎತ್ತಿಡ್ತೀನಿ."

"ಮರಿಗೆ ಪೆಟ್ಟಿಗೆ ಇಲ್ಲ. ಮಿಕ್ಕಿದ್ದನ್ನ ಉಚ್ಚೇಲಿ ಬಿಸಾಕುತ್ತೆ. ಅದರಿಂದಲೇ ಅಮೋನಿಯಾ ಏಳೋದು, ನಿಮ್ಮ ದೊಮಿನಿ ಕಣ್ಣಿಗೆ ಹೋಗೋದು. ಎಳೆ ಕರುಳಿಗೆ ಅರಗದೇ ಇದ್ದದ್ದು ಭೇದಿಯಾಗಿ ಹೋಗುತ್ತೆ."

ನೆಟ್ಟಿ ಎದ್ದು ನಿಂತಳು. ಅವಳ ಮುಖ ನೋಡಿ ಹಾರ್ಮ್‌ಗೆ ಗಾಬರಿಯಾಯಿತು. ಡಚ್ಚರ ಮನೆಯ ಹೆಂಗಸಿಗೆ ನೀನು ಪಾಪ ಮಾಡಿದೀಯ ಅಂದರೆ ಸಹಿಸುತ್ತಾಳೆ. ದಂಡ ಮಾಡಿದೀಯ ಅಂದರೆ ಸಹಿಸುವುದಿಲ್ಲ.

"ಅಂದ್ರೆ ಗೇಣುದ್ದ ನೀಲಿಗೋಸ್ಕರ ನಾನು ಇಷ್ಟು ವರ್ಷ ಇಡೀ ಅಂಗಡಿ ಬಟ್ಟೆ ತಂದು, ಮಿಕ್ಕಿದ್ದನ್ನ ಚರ್ಚಿನ ಬಾಗಿಲಿಗೆ ಸುರೀತಿದ್ದೆ!"

"ನೀಲಿ ಮಾತ್ರ ಬಿಡಿಯಾಗಿ ಸಿಗುತ್ತೆ ಈಗ" ಅಂದ ಟ್ವೇಟ್. "ಲೈಸಿನ್ ಪುಡಿ. ಅದನ್ನ ಸೇರಿಸಿ ಹಿಂಡಿ ಇಳಿಸಿ. ಇನ್ನೂ ಇಳಿಸಬೇಕು ಅಂದ್ರೆ ಆಮೇಲೆ ಕಮ್ಮಿ ಬೀಳೋ ತುಂಡುಗಳನ್ನೂ ಹಾಕ್ಬೇಕು. ಒಂದು ತ್ರಿಯೋನಿನ್, ಇನ್ನೊಂದು ಮೆಥಿಯೋನಿನ್. ಟನ್ನು ಮೇವಿಗೆ ಕೆಲವೇ ಪೌಂಡು ಸಾಕು. ಲೆಕ್ಕ ನಾನು ಹಾಕಿಕೊಡ್ತೀನಿ."

ಪುಡಿಯ ಚೀಲಗಳು ಬಂದದ್ದೇ ತಡ, ಊರಿಗೆ ಹಬ್ಬ. ಮೇವಿನ ಅಂಗಡಿಯ ಕಟ್ಟೆಯ ಮೇಲೆ ಕೂತವರು ಹಾರ್ಮ್‌ನನ್ನು ಸುಮ್ಮನೆ ಬಿಡಲಿಲ್ಲ.

"ಏನೋ ಹಾರ್ಮ್, ಮರಿಗಳಿಗೆ ಮುಖಕ್ಕೆ ಹಚ್ಚೋ ಪೌಡರ್ ತಂದ್ಯಂತೆ?"

"ಹಿಂಡಿ ಉಳಿಸೋಕೆ ಹೊರಟಿದಾನೆ. ಇನ್ನೇನು, ಪ್ರಾರ್ಥನೆ ಮಾಡಿಸಿ ಹೊಟ್ಟೆ ತುಂಬಿಸ್ತಾನೆ."

ಹಾರ್ಮ್‌ಗೆ ಒಳಗೊಳಗೇ ನಾಚಿಕೆ. ಅದರ ಮೇಲೆ ಶನಿವಾರ ಬಂತು. ನಮ್ಮವರಿಗೆ ಭಾನುವಾರ ಕೆಲಸ ನಿಷಿದ್ಧ. ಪಶುಗಳಿಗೆ ಮೇವು ಇಡಬಹುದು, ಮೇವು ಕಲಸುವಂತಿಲ್ಲ. ಹಾಗಾಗಿ ಶನಿವಾರವೇ ಭಾನುವಾರದ ಆಲೂಗಡ್ಡೆ ಸುಲಿದಿಡಬೇಕು, ಬೂಟಿಗೆ ಪಾಲಿಶು ಹಾಕಬೇಕು, ಸ್ನಾನ ಮಾಡಬೇಕು, ಹಂದಿಗಳ ಮೇವನ್ನೂ ಕಲಸಿಡಬೇಕು. ಇಷ್ಟೆಲ್ಲ ಹೊತ್ತು ಮುಳುಗುವುದರೊಳಗೆ. ನೆಟ್ಟಿ ಆಲೂಗಡ್ಡೆ ಮುಂದೆ ಕೂತಿದ್ದಳು. ಹಾರ್ಮ್ ಅವಸರದಲ್ಲಿ ಪುಡಿಯನ್ನೆಲ್ಲ ಕಲಸುವ ಯಂತ್ರದ ಬಾಯಿಗೆ ಒಂದೇ ಸಲ ಸುರಿದು, ನಾಲ್ಕು ಸುತ್ತು ತಿರುಗಿಸಿ, ಸ್ನಾನಕ್ಕೆ ಹೋಗಿಬಿಟ್ಟ. ಪ್ರತಿ ಶನಿವಾರವೂ ಹೀಗೇ ನಡೆಯಿತು.

ಕ್ರಿಸ್‌ಮಸ್ ಹೊತ್ತಿಗೆ ಕೊಟ್ಟಿಗೆಯೊಳಗೆ ನೋಡಬಾರದ ನೋಟ. ಒಂದೇ ದಿನ ಹುಟ್ಟಿದ ಮರಿಗಳಲ್ಲಿ ಒಂದು ಗುಂಡಗೆ ಉರುಳುತ್ತಿದೆ, ಪಕ್ಕದ್ದು ಮೂಳೆ ಚರ್ಮ. ವೆಸ್ಸೆಲ್ ಬಾಗಿಲಲ್ಲಿ ಇಣುಕಿ, "ಆನೆ, ಇಲಿ ಒಂದೇ ಕೊಟ್ಟಿಗೇಲಿ ಸಾಕ್ತಿದೀಯ ನೆಟ್ಟಿ? ಇದು ನೋಹನ ಹಡಗೇ ಸರಿ" ಅಂದರು. ಅವತ್ತು ಅವಳು ನಗಲಿಲ್ಲ.

"ಹಿಂಡಿ ಹಾಕೋಣ ಕಣೇ" ಅಂದ ಹಾರ್ಮ್. "ಅಮ್ಮ ಹಾಕ್ತಿದ್ದ ಹಾಗೇ ಹಾಕೋಣ. ಕೊಟ್ಟಿಗೆ ಹೋದ್ರೆ ಹೋಗ್ಲಿ, ಮರಿ ಉಳೀಲಿ."

ನೆಟ್ಟಿ ಹೋಗಿ ತೊಟ್ಟಿಯ ಮೇವನ್ನು ಬೊಗಸೆಯಲ್ಲಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದಳು. ಆ ತೊಟ್ಟಿಯದು, ಈ ತೊಟ್ಟಿಯದು, ಮತ್ತೊಂದರದು. ಒಂದರಲ್ಲಿ ಜೋಳದ ನಡುವೆ ಬಿಳಿ ಗಂಟುಗಳು. ಇನ್ನೊಂದರಲ್ಲಿ ಹುಡುಕಿದರೂ ಬಿಳಿ ಕಾಣದು. ಗಂಟೊಂದನ್ನು ಬೆರಳಲ್ಲಿ ಹಿಸುಕಿ ಗಂಡನ ಮೂಗಿನ ಕೆಳಗೆ ಹಿಡಿದಳು.

"ಹಾರ್ಮ್, ಇದನ್ನ ಹೆಂಗೆ ಹಾಕ್ದೆ?"

"ಸುರಿದೆ."

"ಒಂದೇ ಸಲ?"

"ಶನಿವಾರ ಅಲ್ವಾ..."

"ನಾನು ಕೇಕಿಗೆ ಸೋಡಾ ಹಾಕೋವಾಗ ಪಾತ್ರೆ ಮೂಲೆಗೆ ಸುರಿದು ಸ್ನಾನಕ್ಕೆ ಹೋಗ್ತೀನಾ? ಒಂದು ಚೂರಲ್ಲಿ ಕಹಿ, ಒಂದು ಚೂರಲ್ಲಿ ಕಲ್ಲು ಬಂದ್ರೆ ನೀನು ತಿಂತೀಯಾ?"

ಅಲ್ಲಿಂದ ಮುಂದೆ ಮೇವು ಕಲಸುವುದು ಶುಕ್ರವಾರಕ್ಕೆ ಹೋಯಿತು. ಅಮ್ಮನ ಕಾಲದಿಂದ ಬಂದ ಶನಿವಾರ ಮುರಿಯಿತು ಅಂತ ಹಾರ್ಮ್ ಗೊಣಗಿದ. ನೆಟ್ಟಿ ಬಟ್ಟೆ ಒಗೆಯುವ ಹಳೆಯ ತೊಟ್ಟಿಯನ್ನು ತೊಳೆದು ಒಣಗಿಸಿ, ಅದರಲ್ಲಿ ಪುಡಿಯನ್ನು ಮೊದಲು ಒಂದು ಹಿಡಿ ನುಣ್ಣಗಿನ ಜೋಳದ ಹಿಟ್ಟಿನ ಜೊತೆ ಕೈಯಾರೆ ತಿಕ್ಕಿ ಬೆರೆಸಿದಳು. ಆಮೇಲೆ ಎರಡು ಹಿಡಿ, ಆಮೇಲೆ ಬಕೆಟ್ಟು. ಬೆರೆತದ್ದು ಒಂದೇ ಬಣ್ಣಕ್ಕೆ ಬಂದ ಮೇಲೆಯೇ ಯಂತ್ರದ ಬಾಯಿಗೆ. ಟ್ವೇಟ್‌ಗೆ ಫೋನಿನಲ್ಲಿ ಹೇಳಿದರೆ ಅವನು ಹಣೆ ಚಚ್ಚಿಕೊಂಡನಂತೆ. "ಅಯ್ಯೋ, ಅದನ್ನ ನಾನೇ ಹೇಳ್ಬೇಕಿತ್ತು!" ಅಂದನಂತೆ. ಮುಂದೆ ಅವನು ಹೋದಲ್ಲೆಲ್ಲ ಮೊದಲು ಕೇಳುತ್ತಿದ್ದದ್ದು, "ನಿಮ್ಮನೇಲಿ ಬಟ್ಟೆ ಒಗೆಯೋ ತೊಟ್ಟಿ ಇದೆಯಾ?"

ಹಿಮ ಕರಗುವ ಹೊತ್ತಿಗೆ ಬಂದ ಮರಿಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ಬಾಲದ ಕೆಳಗೆ ಒಣ ಒಣ. ಕಿವಿ ನಿಗುರಿ, ಮೈ ನವಿರಾಗಿ ಹೊಳೆಯುತ್ತಿತ್ತು. ಹಿಂಡಿ ಎಷ್ಟೋ ಇಳಿದಿತ್ತು, ಮೈ ಇಳಿದಿರಲಿಲ್ಲ. ಹಾರ್ಮ್ ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿದ್ದ. ಏನು ನಿಂತಿದೀಯ ಅಂತ ಕೇಳಿದರೆ, "ಕಣ್ಣು ಒರೆಸಿಕೊಳ್ಳೋದು ಮರೆತೇಹೋಯ್ತು ಕಣೇ" ಅಂದ. ಹಂದಿ ವಾಸನೆ ಹೋಯಿತು ಅಂತಲ್ಲ. ಹಂದಿ ಹಂದಿಯೇ. ಆದರೆ ಆ ಚುರುಗುಟ್ಟುವ ಉರಿ, ಗಂಟಲು ಹಿಡಿಯುವ ಘಾಟು ಇಳಿದುಹೋಗಿತ್ತು.

ಊರು ನಂಬಲಿಲ್ಲ. ಆಗಸ್ಟಿಗೆ ಕಾಯಿತು.

ಆಗಸ್ಟಿನ ಅತಿ ಸೆಕೆಯ ಭಾನುವಾರ ನೋಡಿ, ತೆಂಕಣ ಗಾಳಿ ನೋಡಿ, ವೆಸ್ಸೆಲ್ ಪ್ರಸಂಗಕ್ಕೆ ಮುಂಚೆ ಎದ್ದು ನಿಂತರು. "ಸಭೆಯವರಲ್ಲಿ ಒಂದು ಮಾತು. ಇವತ್ತು ಕಿಟಕಿ ತೆಗೀತೀವಿ. ಪರೀಕ್ಷೆ ನ್ಯಾಯವಾಗಿರ್ಬೇಕು. ಅದಕ್ಕೇ ಯಾರೂ ಪೆಪ್ಪರ್‌ಮಿಂಟ್ ಬಾಯಿಗೆ ಹಾಕ್ಕೋಬೇಡಿ."

ಇಂಥ ಅಪ್ಪಣೆ ಆ ಚರ್ಚು ಕಟ್ಟಿದಾಗಿನಿಂದ ಆಗಿರಲಿಲ್ಲ. ಹಂಚಿದ ಪೆಪ್ಪರ್‌ಮಿಂಟ್ ಎಲ್ಲರ ಅಂಗೈಯಲ್ಲಿ ಬೆವರುತ್ತ ಕೂತಿತು. ವೆಸ್ಸೆಲ್ ತಾವೇ ನಡೆದು ಹೋಗಿ ತೆಂಕಣ ಗೋಡೆಯ ಕಿಟಕಿಗಳನ್ನು ಒಂದೊಂದಾಗಿ ಮೇಲೆತ್ತಿ ತೆರೆದರು. ಕೊನೆಯದು ನೆಟ್ಟಿ ಕೂತ ಸಾಲಿನದು. ನೆಟ್ಟಿ ತಲೆ ಎತ್ತಲಿಲ್ಲ. ಅವಳ ಪೆಪ್ಪರ್‌ಮಿಂಟ್ ಹಿಡಿದ ಮುಷ್ಟಿ ಬೆಳ್ಳಗಾಗಿತ್ತು.

ಗಾಳಿ ಬಂತು. ಪರದೆಗಳು ಉಬ್ಬಿದವು. ಇಡೀ ಸಭೆ ಒಟ್ಟಿಗೆ ಮೂಗೆಳೆಯಿತು.

ದೊಮಿನಿ ಒಂದು ಸಲ ಮೂಸಿದರು, ಮತ್ತೊಂದು ಸಲ ಮೂಸಿದರು. ಕಣ್ಣು ಮಿಟುಕಿಸಿದರು. ನೀರು ಬರಲಿಲ್ಲ. ಕೊಯ್ದ ಹುಲ್ಲಿನ ವಾಸನೆ ಬಂತು, ಜೋಳದ ಹೊಲದ ವಾಸನೆ ಬಂತು, ಅದರ ಹಿಂದೆ ಎಲ್ಲೋ ದೂರದಲ್ಲಿ ಹಂದಿ ಇದೆ ಅನ್ನುವಷ್ಟು ಹಂದಿಯ ವಾಸನೆ ಬಂತು.

"ಬರ್ತಾ ಇದೆ!" ಅಂದರು ವೆಸ್ಸೆಲ್ ಕಿಟಕಿಯ ಹತ್ತಿರ ನಿಂತು. "ನನಗೆ ಬರ್ತಾ ಇದೆ. ಗಟ್ಟಿಯಾಗೇ ಇದೆ."

ನೆಟ್ಟಿಯ ಪಕ್ಕದಲ್ಲಿ ಕೂತಿದ್ದ ಮುದುಕಿ ಗೇಶೆ, ವೆಸ್ಸೆಲ್‌ರ ಸ್ವಂತ ಅಕ್ಕ, ಅವರತ್ತ ಬಾಗಿ ಮೂಸಿದಳು. ಇನ್ನಷ್ಟು ಬಾಗಿದಳು. ಚರ್ಚಿಗೆಲ್ಲ ಕೇಳುವಂತೆ ಹೇಳಿದಳು:

"ಲೋ ವೆಸ್ಸೆಲ್, ಅದು ನಿನ್ನ ಬೂಟು ಕಣೋ. ಬೆಳಿಗ್ಗೆ ದನದ ಕೊಟ್ಟಿಗೆಗೆ ಇದನ್ನೇ ಹಾಕ್ಕೊಂಡು ಹೋಗಿದ್ಯಾ?"

ವೆಸ್ಸೆಲ್ ಕಾಲು ನೋಡಿಕೊಂಡರು. ಎತ್ತಿ ನೋಡಿಕೊಂಡರು. ಆ ನಗು ನೋಹನ ದಿನದ ನಗುವನ್ನು ಮೀರಿಸಿತು. ಈ ಸಲ ನೆಟ್ಟಿ ನಕ್ಕಳು, ಹಾರ್ಮ್ ಬೆಂಚು ಬಡಿದು ನಕ್ಕ. ನ್ಯಾಯಸ್ಥ ಮನುಷ್ಯ ವೆಸ್ಸೆಲ್. ಮುಖ ಕೆಂಪಾದರೂ ಬೂಟು ಬಿಚ್ಚಿ ಬಾಗಿಲ ಹೊರಗಿಟ್ಟು, ಕಾಲುಚೀಲದಲ್ಲೇ ವಾಪಸು ಬಂದು, ಮತ್ತೆ ಕಿಟಕಿಯಲ್ಲಿ ಉದ್ದಕ್ಕೆ ಉಸಿರೆಳೆದುಕೊಂಡರು. ಆಮೇಲೆ ಪೀಠದ ಕಡೆ ತಿರುಗಿ, "ಕಿಟಕಿ ತೆರೆದೇ ಇರ್ಲಿ, ದೊಮಿನಿ" ಅಂದರು.

"ಹಾಗಾದರೆ ಪೆಪ್ಪರ್‌ಮಿಂಟ್ ತಿನ್ನಬಹುದು" ಅಂದರು ದೊಮಿನಿ. ಎಲ್ಲರೂ ಒಟ್ಟಿಗೆ ಕಡಿದರು. ಆಲಿಕಲ್ಲು ಬಿದ್ದ ಹಾಗೆ ಸದ್ದಾಯಿತು.

ಗೇಣಿ ಮುಂದುವರಿಯಿತು. ಕಾಗದಕ್ಕೆ ಸಹಿ ಹಾಕಿದವರೇ ವೆಸ್ಸೆಲ್. ಅದೇ ಚಳಿಗಾಲ ಮಹಿಳಾ ಸಂಘದ ಕೌದಿಯ ದಿನ ಚರ್ಚಿನ ನೆಲಮಾಳಿಗೆಗೆ ಒಬ್ಬೊಬ್ಬರಾಗಿ ಗಂಡಸರು ಇಳಿದು ಬಂದರು, ಕಾಫಿಗೆ ಬಂದವರ ಹಾಗೆ ನಟಿಸುತ್ತ. ನೆಟ್ಟಿ ಕೆಂಪು ತುಂಡು, ನೀಲಿ ತುಂಡು ಮೇಜಿನ ಮೇಲೆ ಹರಡಿ ತೋರಿಸಿದಳು. ಹೆಂಗಸರಿಗೆ ಒಂದೇ ಮಾತಿಗೆ ಅರ್ಥವಾಯಿತು. ಗಂಡಸರಿಗೆ ಎರಡು ಲೋಟ ಕಾಫಿ ಬೇಕಾಯಿತು. ಎಲ್ಲರ ಹಿಂದೆ ನಿಂತಿದ್ದ ವೆಸ್ಸೆಲ್, "ದನಕ್ಕೂ ಇದೆಯಾ ಇದು?" ಅಂತ ಕೇಳಿದ್ದನ್ನು ಗೇಶೆ ಸಾಯುವತನಕ ಹೇಳಿಕೊಂಡು ನಕ್ಕಳು.

ನೆಟ್ಟಿ ಬಹಳ ವರ್ಷ ಬದುಕಿದಳು. ಹಾರ್ಮ್ ಹೋದ ಮೇಲೂ ಶುಕ್ರವಾರ ತಪ್ಪಲಿಲ್ಲ. ಕೈ ನಡುಗಲು ಶುರುವಾದಾಗ ಕೊಟ್ಟಿಗೆಯನ್ನು ಹಾರ್ಮ್‌ನ ತಮ್ಮನ ಸೊಸೆ ಮರ್ನಾಳಿಗೆ ಒಪ್ಪಿಸಿದಳು. ಮೇವು ಆ ಹೊತ್ತಿಗೆ ಗಿರಣಿಯಲ್ಲೇ ಬೆರೆತು ಬರುತ್ತಿತ್ತು. ಆದರೂ ಲಾರಿ ಬಂದಾಗಲೆಲ್ಲ ನೆಟ್ಟಿ ಒಂದು ಬೊಗಸೆ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದಳು. "ಸರಿ ಇದೆ ಹೋಗು" ಅಂದ ಮೇಲೆಯೇ ಲಾರಿಯವನು ಹೊರಡುತ್ತಿದ್ದ.

ಒಂದು ಆಗಸ್ಟಿನಲ್ಲಿ, ಮಧ್ಯಾಹ್ನದ ನಿದ್ದೆಯಲ್ಲೇ ಹೋದಳು. ಮೊದಲೇ ಹೇಳಿಟ್ಟಿದ್ದಳು, ತನ್ನನ್ನು ಮನೆಯಿಂದಲೇ ಎತ್ತಬೇಕು, ರಸ್ತೆ ದಾಟಿಸೋಕೆ ಕಾರು ತರಬಾರದು, ಅದು ದಂಡ. ಮಣ್ಣಿಗೆ ಬಂದವರ ಊಟಕ್ಕೆ ಹ್ಯಾಮ್ ಬನ್ನು, ಆ ಹ್ಯಾಮು ತಮ್ಮ ಕೊಟ್ಟಿಗೆಯಲ್ಲಿ ಬೆಳೆದ ಹಂದಿಯದ್ದೇ ಆಗಬೇಕು.

ಚರ್ಚಿಗೆ ಈಗ ತಂಪು ಯಂತ್ರ ಬಂದಿದೆ. ಅವಳನ್ನು ಎತ್ತುವ ದಿನ ಬೆಳಿಗ್ಗೆ, ತೊಂಬತ್ತು ದಾಟಿದ ವೆಸ್ಸೆಲ್ ಕೋಲೂರಿಕೊಂಡು ಬಂದು ಅದನ್ನು ಆರಿಸಿಬಿಟ್ಟರು. "ಸೆಕೆ ಆಗುತ್ತೆ ತಾತ" ಅಂದರೆ, "ಆಗ್ಲಿ" ಅಂದರು. ತೆಂಕಣದ ಕಿಟಕಿಗಳನ್ನು ಎತ್ತಿಸಿದರು. ಕಾಲಿನಲ್ಲಿ ಹೊಸ ಬೂಟು, ಪಾಲಿಶು ಹಾಕಿದ್ದು.

ಆರು ಜನ ಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ಮೇಲೆ ಹೂವಿನ ಬದಲು ನಕ್ಷತ್ರದ ಕೌದಿ, ಎಲ್ಲ ನಕ್ಷತ್ರಗಳೂ ಪೂರ್ತಿಯಾಗಿದ್ದವು. ಅದು ಮೇವಿಡುವ ಹೊತ್ತು. ರಸ್ತೆಯಾಚೆಯ ಕೊಟ್ಟಿಗೆಯಲ್ಲಿ ಮರಿಗಳು ಒಂದೇ ಸಮನೆ ಗದ್ದಲವೆಬ್ಬಿಸಿದ್ದವು. ತೆಂಕಣ ಗಾಳಿ ಬೀಸುತ್ತಿತ್ತು, ಯಾರ ಕೈಯಲ್ಲೂ ಕರವಸ್ತ್ರವಿರಲಿಲ್ಲ ಅಂದರೆ ಸುಳ್ಳಾದೀತು. ಆದರೆ ಅದು ಘಾಟಿಗಲ್ಲ. ಅಡಿಗೆಮನೆಯ ಬಾಗಿಲು ದಾಟಿ, ಮೆಟ್ಟಿಲಿಳಿದು, ತೆರೆದ ಕಿಟಕಿಗಳ ಕಡೆಗೆ ಮುಖ ಮಾಡಿ, ನೆಟ್ಟಿ ವಿಸ್ಸಿಂಕ್ ಮನೆಯಿಂದ ಹೊರಟಳು.